ಬೂದು ಗೋಡೆ ನೀಲಿಯಾಗಿ ಕಾಣುವುದೇಕೆ?

ಬೂದು ಎಂದರೆ ಬೂದಿಯ ಬಣ್ಣ. ಆದರೆ ಬೂದಿಯ ಬಣ್ಣ ಯಾವುದು? ಒಲೆಯಲ್ಲಿ ಜಾಲಿ ಕಟ್ಟಿಗೆ ಚೆನ್ನಾಗಿ ಉರಿದರೆ ಉಳಿಯುವ ಬೂದಿ ಹೆಚ್ಚುಕಡಿಮೆ ಬೆಳ್ಳಗಿರುತ್ತದೆ. ಕುಳ್ಳಿನ ಬೂದಿ ಅದಕ್ಕಿಂತ ಮಂಕು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಉರಿದು ಬೀಳುವ ಬೂದಿಯಂತೂ, ಸುಡದೆ ಉಳಿದ ಇಂಗಾಲದ ಪ್ರಮಾಣಕ್ಕೆ ತಕ್ಕಂತೆ, ಒಮ್ಮೆ ಕಪ್ಪು, ಒಮ್ಮೆ ನಸುಗಪ್ಪು, ಒಮ್ಮೆ ಬಿಳುಪು. ಈ ಮೂರನ್ನೂ ಒಂದೊಂದು ಹಿಡಿ ತಂದು ಬಿಳಿ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಬೇರೆ ಬೇರೆಯಾಗಿ ನೋಡಿದಾಗ ಮೂರೂ ಬರಿಯ ಬೂದಿ. ಒಟ್ಟಿಗೆ ನೋಡಿದಾಗ ಒಂದು ಹಳದಿಯ ಕಡೆಗೆ, ಇನ್ನೊಂದು ನೀಲಿಯ ಕಡೆಗೆ ವಾಲಿದಂತೆ ತೋರುತ್ತದೆ. ಹೀಗೆ ಬೂದುಬಣ್ಣದ ಒಳಗೆ ಅಡಗಿ ಕುಳಿತ ಇನ್ನೊಂದು ಬಣ್ಣವನ್ನು ನಾವು ಇಲ್ಲಿ ಒಳಛಾಯೆ ಎಂದು ಕರೆಯೋಣ.

ಇದೇನು ದೊಡ್ಡ ವಿಷಯವೇ ಎಂದು ನಿಮಗೆ ಅನಿಸಬಹುದು. ಕೊಪ್ಪಳದಲ್ಲಾಗಲಿ ಕುಷ್ಟಗಿಯಲ್ಲಾಗಲಿ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬಂದರೆ ಉತ್ತರ ಸಿಗುತ್ತದೆ. ಧೂಳು ಕಾಣದಿರಲಿ, ನೋಡಲು ಗಂಭೀರವಾಗಿರಲಿ ಎಂದು ಜನ ಈಗ ಮನೆಯ ಹೊರಗೋಡೆಗೆ ಬೂದುಬಣ್ಣವನ್ನು ಆರಿಸುತ್ತಿದ್ದಾರೆ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಬೆರಳಗಲದ ಚೌಕ ನೋಡಿ ಒಪ್ಪಿದ ಬಣ್ಣ, ಗೋಡೆಗೆ ಎರಡು ಕೈ ಹೊಡೆದ ಮೇಲೆ ಆಕಾಶನೀಲಿಯಾಗಿ ಕಾಣುತ್ತದೆ. ಇಲ್ಲವೆ ನೇರಳೆಯೋ ಪಾಚಿ ಹಸಿರೋ ಆಗಿ ಕಾಣುತ್ತದೆ. ಗಿರಾಕಿಗಾಗಿ ಯಂತ್ರದಲ್ಲಿ ಬೆರೆಸಿಕೊಟ್ಟ ಬಣ್ಣವನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕಟ್ಟಿಗೆಯ ಸಾರುವೆ ಕಟ್ಟಿದ್ದಾಗಿದೆ, ಕೂಲಿ ಕೊಟ್ಟದ್ದಾಗಿದೆ. ಮನೆ ಕಟ್ಟಲು ಮಾಡಿದ ಸಾಲ ತೀರುವವರೆಗೂ ಆ ನೇರಳೆ ಗೋಡೆಯನ್ನು ನೋಡುತ್ತಲೇ ಇರಬೇಕು. ತಪ್ಪು ಬಣ್ಣ ಹಚ್ಚಿದವನದೂ ಅಲ್ಲ, ಮಾರಿದವನದೂ ಅಲ್ಲ. ಬೆಳಕಿನ ವ್ಯವಹಾರ ಗೊತ್ತಿಲ್ಲದಿರುವುದೇ ಹೆಚ್ಚಿನ ಪಾಲು ಕಾರಣ.

ಮೊದಲು ಬಣ್ಣದ ಡಬ್ಬಿಯೊಳಗೆ ಏನಿದೆ ನೋಡೋಣ. ಇಂದಿನ ಹೊರಗೋಡೆ ಬಣ್ಣಗಳಲ್ಲಿ ಬಿಳುಪನ್ನು ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿ. ಅದಕ್ಕೆ ಕಪ್ಪು ವರ್ಣಕವನ್ನು ಸೇರಿಸಿದರೆ ಬೂದು. ಬಿಳಿಗೂ ಬಣ್ಣವಿಲ್ಲ, ಕಪ್ಪಿಗೂ ಬಣ್ಣವಿಲ್ಲ, ಆದ್ದರಿಂದ ಎರಡೂ ಸೇರಿದರೆ ಶುದ್ಧ ಬೂದು ಬರಬೇಕಲ್ಲವೆ? ಬರುವುದಿಲ್ಲ. ಬರುವುದು ನಸುನೀಲಿ ಬೂದು. ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಎಣ್ಣೆ ದೀಪದ ಜ್ವಾಲೆಯ ಮೇಲೆ ತಟ್ಟೆ ಹಿಡಿದು ಕಾಡಿಗೆ ಸಂಗ್ರಹಿಸಿ, ಚಿಟಿಕೆಯಷ್ಟನ್ನು ಸುಣ್ಣದ ತಿಳಿಯಲ್ಲಿ ಕಲಸಿ ಹಲಗೆಯ ಮೇಲೆ ಬಳಿಯಿರಿ. ಒಣಗಿದ ಮೇಲೆ ಪಾರಿವಾಳದ ಎದೆಯ ಬಣ್ಣವನ್ನು ನೆನಪಿಸುವ ನೀಲಿಮಿಶ್ರಿತ ಬೂದು ನಿಮಗೆ ಕಾಣುತ್ತದೆ.

ಇದಕ್ಕೆ ಕಾರಣ ಬೆಳಕಿನ ಚದರಿಕೆ. ಅತಿ ಸಣ್ಣ ಕಣಗಳು ಕಡಿಮೆ ತರಂಗಾಂತರದ ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುತ್ತವೆ, ಹೆಚ್ಚು ತರಂಗಾಂತರದ ಕೆಂಪನ್ನು ಕಡಿಮೆ ಚದರಿಸುತ್ತವೆ. ಬಣ್ಣದ ಪದರದ ಮೇಲ್ಭಾಗದಲ್ಲಿರುವ ಬಿಳಿಯ ಕಣಗಳು ನೀಲಿಯನ್ನು ಬೇಗನೆ ಹೊರಕ್ಕೆ ತಿರುಗಿಸಿಬಿಡುತ್ತವೆ. ಕೆಂಪು ಬೆಳಕು ಇನ್ನಷ್ಟು ಆಳಕ್ಕೆ ಇಳಿದು ಅಲ್ಲಿ ಕಪ್ಪು ಕಣಗಳಿಗೆ ಸಿಕ್ಕಿ ಹೀರಿಹೋಗುತ್ತದೆ. ಹಿಂತಿರುಗಿ ಬಂದ ಬೆಳಕಿನಲ್ಲಿ ನೀಲಿಯ ಪಾಲು ಒಂದಿಷ್ಟು ಹೆಚ್ಚು. ನೀರು ಬೆರೆಸಿದ ಹಾಲಿನ ಒಂದು ಹನಿಯನ್ನು ಕಪ್ಪು ಕಲ್ಲಿನ ಮೇಲೆ ಬಿಟ್ಟರೆ ಅದರ ಅಂಚು ನೀಲಿಯಾಗಿ ಕಾಣುವುದೂ, ದೂರದ ಗುಡ್ಡಗಳು ನೀಲಿಯಾಗಿ ತೋರುವುದೂ ಇದೇ ತತ್ವದಿಂದ. ಕಪ್ಪು ವರ್ಣಕದ ಕಣಗಳ ಗಾತ್ರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾಡಿಗೆಯಂತಹ ದೊಡ್ಡ ಕಣಗಳ ಇಂಗಾಲವನ್ನು ಬಿಳಿಗೆ ಬೆರೆಸಿದರೆ ಬೂದು ನೀಲಿಯ ಕಡೆಗೆ ವಾಲುತ್ತದೆ; ಬಹಳ ನುಣುಪಾದ ಇಂಗಾಲವನ್ನು ಬೆರೆಸಿದರೆ ಕಂದಿನ ಕಡೆಗೆ. ಎಂದಮೇಲೆ ಇಬ್ಬರು ತಯಾರಕರ ಕಪ್ಪು ಒಂದೇ ಎಂದು ತಿಳಿಯುವಂತಿಲ್ಲ.

ನೀಲಿಯನ್ನು ನಮ್ಮ ಹಿರಿಯರು ಬೇಕೆಂದೇ ಬಳಸುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಮಹಾನವಮಿಗೋ ದೀಪಾವಳಿಗೋ ಊರ ಜಾತ್ರೆಗೋ ಮೊದಲು ಗೋಡೆಗೆ ಸುಣ್ಣ ಹಚ್ಚುವಾಗ ಅದಕ್ಕೆ ಅಂಟಿನ ಜೊತೆಗೆ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಬೆರೆಸುವ ರೂಢಿ ಇಂದಿಗೂ ಉಂಟು. ಸುಣ್ಣದಲ್ಲಿ ಸಹಜವಾಗಿರುವ ನಸುಹಳದಿಯನ್ನು ಆ ನೀಲಿ ಮುಚ್ಚಿಹಾಕುತ್ತದೆ, ಗೋಡೆ ಹೆಚ್ಚು ಬೆಳ್ಳಗೆ ತೋರುತ್ತದೆ. ಈ ನೀಲಿಯ ಹೆಸರು ಅಲ್ಟ್ರಾಮರೀನ್. 1828ರ ವೇಳೆಗೆ ಫ್ರಾನ್ಸಿನ ಗಿಮೆ ಎಂಬಾತ ಅದನ್ನು ಕೃತಕವಾಗಿ ತಯಾರಿಸುವ ದಾರಿ ಕಂಡುಕೊಂಡ ಮೇಲೆಯೇ ಅದು ಅಗ್ಗವಾಗಿ ಜಗತ್ತಿನ ಮನೆಮನೆಗೆ ಹೋಯಿತು. ಸುಣ್ಣದ ಕ್ಷಾರವನ್ನು ಅದು ತಡೆದುಕೊಳ್ಳುತ್ತದೆ. ಪ್ರಷ್ಯನ್ ನೀಲಿ ಎಂಬ ಇನ್ನೊಂದು ವರ್ಣಕ ತಡೆದುಕೊಳ್ಳದು, ಸುಣ್ಣದಲ್ಲಿ ಕೆಟ್ಟು ಕಂದಾಗುತ್ತದೆ. ಒಳಛಾಯೆಯನ್ನು ಅದರ ವಿರುದ್ಧ ಬಣ್ಣದಿಂದ ಕೊಲ್ಲುವ ವಿದ್ಯೆ ಸುಣ್ಣ ಹಚ್ಚುವವರಿಗೆ ಪುಸ್ತಕವಿಲ್ಲದೆಯೇ ತಿಳಿದಿತ್ತು ಎಂದಾಯಿತು.

ಹಾಗಾದರೆ ನೀಲಿಯಾದ ಬೂದಿಗೆ ಹಳದಿ ಬೆರೆಸಿದರೆ ಸರಿಹೋಯಿತಲ್ಲ ಎನ್ನುತ್ತೀರಾ? ಹೆಚ್ಚಿನವರು ಎಡವುವುದು ಇಲ್ಲಿಯೇ. ನಿಮ್ಮ ಚಿತ್ರಕಲೆಯ ಪೆಟ್ಟಿಗೆಯಲ್ಲಿರುವ ಕಪ್ಪು ಮತ್ತು ಹಳದಿಯನ್ನು ಬೆರೆಸಿ ನೋಡಿ, ಹಸಿರು ಬರುತ್ತದೆ. ಕಪ್ಪಿನಲ್ಲಿ ಅಡಗಿದ್ದ ನೀಲಿ ಹಳದಿಯೊಡನೆ ಸೇರಿ ಪಾಚಿ ಬಣ್ಣವಾಗುತ್ತದೆ. ಹಸಿರಾಯಿತೆಂದು ಗಾಬರಿಗೊಂಡು ಕೆಂಪನ್ನು ಸುರಿದರೆ ಅದು ಹಸಿರನ್ನು ಅಳಿಸಿ, ಪ್ರಮಾಣ ಸ್ವಲ್ಪ ಮೀರಿದರೂ ನೇರಳೆಗೋ ಗುಲಾಬಿಗೋ ತಿರುಗುತ್ತದೆ. ನೀಲಿಗೆ ಪೂರಕವಾದ ಬಣ್ಣ ಬರಿಯ ಹಳದಿಯಲ್ಲ, ಕಿತ್ತಳೆ. ಗೋಡೆ ಬಣ್ಣದಲ್ಲಿ ಕಿತ್ತಳೆಯ ಕೆಲಸವನ್ನು ಮಾಡುವುದು ಹಳದಿ ಮತ್ತು ಕೆಂಪು ಕಬ್ಬಿಣದ ಆಕ್ಸೈಡುಗಳು, ಎಂದರೆ ಮೂಲದಲ್ಲಿ ನಮ್ಮ ಹಳದಿ ಮಣ್ಣು ಮತ್ತು ಕೆಮ್ಮಣ್ಣು. ಎರಡನ್ನೂ ಜೊತೆಯಾಗಿ, ಬಹಳ ಸ್ವಲ್ಪ ಸೇರಿಸಿದ ಬೂದು ತಟಸ್ಥವಾಗಿ ನಿಲ್ಲುತ್ತದೆ. ಈ ಆಕ್ಸೈಡುಗಳಿಗೆ ಇನ್ನೊಂದು ಗುಣ: ಬಿಸಿಲಿಗೆ ಮಾಸುವುದಿಲ್ಲ. ಕೆಲವು ಸಾವಯವ ವರ್ಣಕಗಳು ಬಿಸಿಲಿನಲ್ಲಿ ಬೇಗ ಸೋಲುತ್ತವೆ. ಅಂತಹವನ್ನು ಬೆರೆಸಿ ಸರಿದೂಗಿಸಿದ ಬೂದು ಮೊದಲ ವರ್ಷ ಚೆನ್ನಾಗಿದ್ದು, ಸೋತ ಬಣ್ಣ ಜಾರಿಕೊಂಡ ಮೇಲೆ ಉಳಿದದ್ದರ ಛಾಯೆಯನ್ನು ತೋರಿಸತೊಡಗುತ್ತದೆ. ಅಂಗಡಿಯ ಬೆರಕೆ ಯಂತ್ರದ ಪರದೆಯ ಮೇಲೆ ಯಾವ ಯಾವ ವರ್ಣಕ ಎಷ್ಟೆಷ್ಟು ಬೀಳುತ್ತದೆ ಎಂಬುದು ಕಾಣುತ್ತದೆ. ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಇದು ಡಬ್ಬಿಯೊಳಗಿನ ಮಾತಾಯಿತು. ಗೋಡೆಯ ಮೇಲೆ ಬೀಳುವ ಬೆಳಕಿನ ಮಾತು ಇದಕ್ಕಿಂತ ಸ್ವಾರಸ್ಯವಾದದ್ದು.

ನಡುಹಗಲಿನ ನೇರ ಬಿಸಿಲು ಹೆಚ್ಚುಕಡಿಮೆ ಬಿಳಿ. ಬೆಳಗಿನ ಮತ್ತು ಸಂಜೆಯ ಬಿಸಿಲು ಹಳದಿ-ಕೆಂಪು. ಬಿಸಿಲು ಬೀಳದ ಗೋಡೆಗೆ ಬೆಳಕು ಕೊಡುವುದು ಮೋಡವಿಲ್ಲದ ನೀಲಿ ಆಕಾಶ; ಆ ಬೆಳಕು ನೀಲಿಯೇ. ಬಿಳಿಯ ಗೋಡೆಯಾದರೆ ಮನಸ್ಸು 'ಇದು ಬಿಳಿ' ಎಂದು ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಕಡು ಹಳದಿ ಗೋಡೆಯಾದರೆ ಸ್ವಲ್ಪ ನೀಲಿ ಬಿದ್ದರೂ ಹಳದಿಯೇ. ಬೂದುಬಣ್ಣಕ್ಕೆ ತನ್ನದೇ ಆದ ಬಣ್ಣವಿಲ್ಲ, ಮೇಲೆ ಬಿದ್ದದ್ದನ್ನೆಲ್ಲ ತೋರಿಸಿಬಿಡುತ್ತದೆ. ನಮ್ಮ ಕಣ್ಣು ಕಡುಬಣ್ಣಗಳ ನಡುವಿನ ಸಣ್ಣ ವ್ಯತ್ಯಾಸಕ್ಕಿಂತ ಬಣ್ಣವಿಲ್ಲದ್ದರ ಸಮೀಪದ ಸಣ್ಣ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತದೆ. ಇವೆರಡೂ ಸೇರಿ ಬೂದನ್ನು ಎಲ್ಲಕ್ಕಿಂತ ಕಷ್ಟದ ಬಣ್ಣವನ್ನಾಗಿ ಮಾಡಿವೆ.

ಉತ್ತರದ ಗೋಡೆಗೆ ಎಂದೂ ಬಿಸಿಲು ಬೀಳುವುದಿಲ್ಲ, ಅಲ್ಲಿ ಬೂದು ಸದಾ ನೀಲಿ ಎಂದು ವಿದೇಶಿ ಪುಸ್ತಕಗಳು ಹೇಳುತ್ತವೆ. ಲಂಡನ್ನಿಗೆ ಅದು ಬಹುಮಟ್ಟಿಗೆ ಸರಿ. ಕೊಪ್ಪಳಕ್ಕೆ ಸರಿಯಲ್ಲ. ಕೊಪ್ಪಳ ಇರುವುದು ಸುಮಾರು 15 ಡಿಗ್ರಿ 20 ಮಿನಿಟು ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಆರಂಭದಲ್ಲಿ ಸೂರ್ಯ ಇಲ್ಲಿ ನಡುನೆತ್ತಿಗೆ ಬಂದು, ಮುಂದೆ ಉತ್ತರಕ್ಕೆ ಸರಿದು, ಆಗಸ್ಟ್ ಎರಡನೆಯ ವಾರದಲ್ಲಿ ಮತ್ತೊಮ್ಮೆ ನೆತ್ತಿಯನ್ನು ದಾಟಿ ದಕ್ಷಿಣಕ್ಕೆ ಮರಳುತ್ತಾನೆ. ಈ ನಡುವೆ ಮಧ್ಯಾಹ್ನದ ಬಿಸಿಲು ಉತ್ತರದ ಗೋಡೆಯ ಮೇಲೆಯೇ, ಬಹಳ ಓರೆಯಾಗಿ, ಸವರಿಕೊಂಡು ಬೀಳುತ್ತದೆ. ಆಗ ಗಿಲಾವಿನ ಪ್ರತಿಯೊಂದು ಉಬ್ಬುತಗ್ಗೂ ನೆರಳು ಚೆಲ್ಲಿ ಬಣ್ಣ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಡಿಸೆಂಬರಿನಲ್ಲಿ ಅದೇ ಗೋಡೆ ದಿನವಿಡೀ ಆಕಾಶದ ನೀಲಿಯಲ್ಲಿ. ಆದ್ದರಿಂದ ಚಳಿಗಾಲದಲ್ಲಿ ನೋಡಿ ಆರಿಸಿದ ಬೂದು ಬೇಸಿಗೆಯಲ್ಲಿ ಬೇರೆಯಾಗಿ ಕಂಡರೆ ಆಶ್ಚರ್ಯಪಡಬೇಕಿಲ್ಲ.

ನೆಲವೂ ಬೆಳಕು ಕೊಡುತ್ತದೆ. ಕೆಂಪು ಮಣ್ಣಿನ ಹೊಲದ ಅಂಚಿನಲ್ಲಿರುವ ಮನೆಯ ಗೋಡೆಯ ಕೆಳಭಾಗಕ್ಕೆ ನೆಲದಿಂದ ಎದ್ದ ಕೆಂಪು ಬೆಳಕು ತಾಗುತ್ತದೆ. ಸೂರಿನ ಕೆಳಮೈಯಲ್ಲಂತೂ ಅದು ಎದ್ದು ಕಾಣುತ್ತದೆ. ಯಲಬುರ್ಗಾ ಕಡೆಯ ಎರೆ ಹೊಲಗಳ ನಡುವೆ ಈ ಸಮಸ್ಯೆ ಇಲ್ಲ, ಕಪ್ಪು ಎರೆಮಣ್ಣು ಬೆಳಕನ್ನು ಹಿಂತಿರುಗಿಸುವುದೇ ಕಡಿಮೆ. ಮುನಿರಾಬಾದಿನ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ನೀರುಣ್ಣುವ ಗಂಗಾವತಿ ಸೀಮೆಯಲ್ಲಿ ಭತ್ತದ ಗದ್ದೆ ಮನೆಯ ಬಾಗಿಲವರೆಗೂ ಬಂದಿರುತ್ತದೆ. ಹಸಿರು ಪೈರಿನಿಂದ ಪುಟಿದ ಬೆಳಕು ಬೂದು ಗೋಡೆಗೆ ಹಸಿರನ್ನು ಬಳಿಯುತ್ತದೆ, ಕೊಯ್ಲಾದ ಮೇಲೆ ಹೊಂಬಣ್ಣವನ್ನು. ಒಂದೇ ಡಬ್ಬಿಯ ಬಣ್ಣವನ್ನು ಕಾರಟಗಿಯಲ್ಲೊಂದು ಮನೆಗೂ ಕುಷ್ಟಗಿಯಲ್ಲೊಂದು ಮನೆಗೂ ಹಚ್ಚಿದರೆ ನೋಡುವವರಿಗೆ ಎರಡು ಬಣ್ಣ. ನೆಂಟರ ಮನೆಯ ಗೋಡೆ ನೋಡಿ ಅದರ ನಂಬರು ಬರೆದುಕೊಂಡು ಬರುವವರು ಈ ಮಾತನ್ನು ಗಮನಿಸಬೇಕು.

ನಿಸರ್ಗದ ಬೂದು ಹೇಗಿರುತ್ತದೆ ಎಂದು ನೋಡಲು ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಆನೆಗೊಂದಿಯ ಸುತ್ತಣ ಗುಡ್ಡಗಳ ಗ್ರಾನೈಟ್ ಬಂಡೆಗಳು ದೂರದಿಂದ ಬೂದು. ಹತ್ತಿರ ಹೋಗಿ ಹೊಸದಾಗಿ ಒಡೆದ ಮುಖವನ್ನು ನೋಡಿದರೆ ಅಲ್ಲಿ ಬೂದು ಎಂಬುದೇ ಅಪರೂಪ: ಗಾಜಿನಂತಹ ಬೆಣಚು, ಬಿಳಿಯ ಇಲ್ಲವೆ ಗುಲಾಬಿ ಫೆಲ್ಡ್‌ಸ್ಪಾರ್, ಕರಿಯ ಅಭ್ರಕ. ಈ ಹರಳುಗಳ ಬಣ್ಣಗಳನ್ನು ಕಣ್ಣು ದೂರದಿಂದ ಬೆರೆಸಿ ಬೂದು ಮಾಡಿಕೊಳ್ಳುತ್ತದೆ. ಫೆಲ್ಡ್‌ಸ್ಪಾರ್ ಗುಲಾಬಿಯಾಗಿದ್ದರೆ ಗುಡ್ಡವೇ ಸಂಜೆ ಗುಲಾಬಿ. ಇದಕ್ಕೆ ಎದುರಾಗಿ ಇಟಗಿಯ ಮಹಾದೇವ ದೇವಾಲಯವನ್ನು ನೋಡಿ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಈ ಊರಿನಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದೇ ಕರೆದಿದೆ. ಅದರ ಕಲ್ಲು ಕ್ಲೋರೈಟ್ ಇರುವ ಮೆದುವಾದ ಪದರಶಿಲೆ. ಕ್ಲೋರೈಟ್ ಹಸಿರು ಖನಿಜ. ಹೀಗಾಗಿ ಇಟಗಿಯ ಬೂದು ಹಸಿರಿನ ಕಡೆಯ ಬೂದು. ಒಂದು ಚೂರು ಗ್ರಾನೈಟನ್ನು ಜೇಬಿನಲ್ಲಿ ಒಯ್ದು ಗುಡಿಯ ಹೊರಗೆ ಕೈಯಲ್ಲಿ ಹಿಡಿದು ಹೋಲಿಸಿದರೆ ಒಳಛಾಯೆ ಎಂದರೇನೆಂದು ಹತ್ತು ಪುಟ ಓದಿದ್ದಕ್ಕಿಂತ ಸ್ಪಷ್ಟವಾಗಿ ತಿಳಿಯುತ್ತದೆ. (ಗುಡಿಯ ಕಲ್ಲನ್ನು ಮಾತ್ರ ಗೀರಬೇಡಿ.) ಅಲ್ಲಿ ಹಸಿರು ಯಾರಿಗೂ ಬೇಡವಾಗಿ ತೋರುವುದಿಲ್ಲ ಎಂಬುದೂ ನಿಜ. ಒಳಛಾಯೆ ಇರುವುದು ದೋಷವಲ್ಲ, ಕೇಳದೆ ಬರುವುದು ದೋಷ.

ಪಕ್ಕದ ಬಣ್ಣವೂ ಕಣ್ಣಿಗೆ ಮೋಸ ಮಾಡುತ್ತದೆ. ಪ್ಯಾರಿಸ್ಸಿನ ಗೊಬೆಲಿನ್ ಎಂಬ ಚಿತ್ರಕಂಬಳಿ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನವಿಜ್ಞಾನಿ ಷೆವ್ರಲ್‌ನ ಬಳಿಗೆ ಕರಿಯ ನೂಲು ಕಪ್ಪಾಗಿಲ್ಲ, ಮಂಕಾಗಿದೆ ಎಂಬ ದೂರು ಬಂದಿತು. ನೂಲನ್ನು ಪರೀಕ್ಷಿಸಿದಾಗ ಅದರಲ್ಲಿ ಏನೂ ಕೊರತೆ ಇರಲಿಲ್ಲ. ನೀಲಿ ಮತ್ತು ನೇರಳೆ ನೂಲುಗಳ ಪಕ್ಕದಲ್ಲಿ ನೇಯ್ದದ್ದೇ ಮಂಕಿಗೆ ಕಾರಣವಾಗಿತ್ತು. ಪ್ರತಿಯೊಂದು ಬಣ್ಣವೂ ತನ್ನ ಪಕ್ಕದ್ದನ್ನು ತನ್ನ ಪೂರಕ ಬಣ್ಣದ ಕಡೆಗೆ ತಳ್ಳುತ್ತದೆ ಎಂಬ ಈ ನಿಯಮವನ್ನು ಆತ 1839ರಲ್ಲಿ ಗ್ರಂಥವಾಗಿ ಪ್ರಕಟಿಸಿದ. ಒಂದೇ ಬೂದು ಕಾಗದದ ಎರಡು ಚೂರುಗಳನ್ನು ಕತ್ತರಿಸಿ ಒಂದನ್ನು ಕೆಂಪು, ಇನ್ನೊಂದನ್ನು ಹಸಿರು ಹಾಳೆಯ ಮೇಲೆ ಇಡಿ. ಮೊದಲನೆಯದು ಹಸಿರಾಗಿ, ಎರಡನೆಯದು ಕೆಂಪಾಗಿ ತೋರುತ್ತದೆ. ಈಗ ಮನೆಯ ಮಾತಿಗೆ ಬನ್ನಿ. ಹಳೆಯ ಹಸಿರು ಗೋಡೆಯ ನಡುವೆ ಹೊಸ ಬೂದಿನ ಒಂದು ಪಟ್ಟಿ ಬಳಿದು ನೋಡಿದರೆ ಅದು ಗುಲಾಬಿಯಾಗಿ ಕಂಡು ನಾವು ಬೇಡವೆಂದು ಬಿಟ್ಟೇವು. ತಪ್ಪು ಹಸಿರು ಗೋಡೆಯದು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುವ ಪದ್ಧತಿ ಇರುವ ಕಡೆ ಅದರ ಮೇಲಿನ ಬೂದು ಹಸಿರು-ನೀಲಿಯ ಕಡೆಗೆ ವಾಲಿ ತೋರುತ್ತದೆ. ಕಿಟಕಿ ಬಾಗಿಲಿನ ಬಣ್ಣವನ್ನು ಗೋಡೆಯ ಬಣ್ಣದ ಜೊತೆಗೇ ತೀರ್ಮಾನಿಸಬೇಕು, ಆಮೇಲೆ ನೋಡೋಣ ಎನ್ನಬಾರದು.

ಆಯ್ಕೆಯ ಕ್ರಮ ಈಗ ತಾನಾಗಿಯೇ ಹೊಳೆಯುತ್ತದೆ. ಅಂಗಡಿಯ ದೀಪದ ಕೆಳಗೆ ತೀರ್ಮಾನ ಬೇಡ. ಬೇರೆ ಬೇರೆ ವರ್ಣಕಗಳಿಂದ ಮಾಡಿದ ಎರಡು ಬೂದುಗಳು ಒಂದು ದೀಪದ ಬೆಳಕಿನಲ್ಲಿ ಅವಳಿಗಳಂತೆ ಕಂಡು, ಬಿಸಿಲಿನಲ್ಲಿ ಬೇರೆಯಾಗುವುದು ಸಾಮಾನ್ಯ. ಶೇಡ್ ಕಾರ್ಡನ್ನು ಹೊರಗೆ ತಂದು, ಅಪ್ಪಟ ಬಿಳಿ ಹಾಳೆಯ ಮೇಲೆ ಇಟ್ಟು, ನಾಲ್ಕಾರು ಬೂದುಗಳನ್ನು ಪಕ್ಕಪಕ್ಕದಲ್ಲಿ ನೋಡಿದರೆ ನೀಲಿ ಯಾವುದು, ಹಸಿರು ಯಾವುದು, ನೇರಳೆ ಯಾವುದು ಎಂದು ಅವೇ ಹೇಳುತ್ತವೆ. ಒಂದನ್ನೇ ನೋಡುತ್ತ ಕುಳಿತರೆ ಹೇಳುವುದಿಲ್ಲ. ಒಂದೇ ಸಾಲಿನ ಅತ್ಯಂತ ಗಾಢವಾದ ಚೌಕವನ್ನು ನೋಡುವುದೂ ಒಳ್ಳೆಯ ಉಪಾಯ. ತಿಳಿಯಾದದ್ದರಲ್ಲಿ ಅಡಗಿದ ಛಾಯೆ ಅಲ್ಲಿ ಹೊರಬಿದ್ದಿರುತ್ತದೆ.

ಕಂಪೆನಿಗಳ ಜಾಲತಾಣಗಳಲ್ಲಿ ಈಗ ಪ್ರತಿ ಬಣ್ಣಕ್ಕೂ ಕೆಂಪು, ಹಸಿರು, ನೀಲಿಗಳ ಮೂರು ಅಂಕಿಗಳು ಸಿಗುವುದುಂಟು. ಮೂರೂ ಸಮವಾಗಿದ್ದರೆ, ಉದಾಹರಣೆಗೆ 190, 190, 190, ಅದು ಲೆಕ್ಕದ ಪ್ರಕಾರ ತಟಸ್ಥ ಬೂದು. ಮೂರನೆಯದು ಹೆಚ್ಚಿದ್ದರೆ ನೀಲಿ, ನಡುವಿನದು ಹೆಚ್ಚಿದ್ದರೆ ಹಸಿರು. ತೆರೆದ ಆಕಾಶದ ಕೆಳಗೆ ನಿಲ್ಲುವ ಗೋಡೆಗೆ ಲೆಕ್ಕದ ತಟಸ್ಥವೂ ಸ್ವಲ್ಪ ನೀಲಿಯಾಗಿಯೇ ಕಾಣುವುದರಿಂದ, ಮೊದಲನೆಯದು ತುಸು ಹೆಚ್ಚು, ಮೂರನೆಯದು ತುಸು ಕಡಿಮೆ ಇರುವ ಬೂದನ್ನು ಆರಿಸುವುದು ಲೇಸೆಂದು ನನ್ನ ಅಭಿಪ್ರಾಯ. ಕೆಂಪು ನೆಲದ ನಡುವೆ ಆ 'ತುಸು'ವನ್ನು ಇನ್ನಷ್ಟು ಇಳಿಸಬಹುದು. ಮೊಬೈಲಿನಲ್ಲಿ ಫೋಟೋ ತೆಗೆದು ಹೋಲಿಸುವುದನ್ನು ಮಾತ್ರ ನಂಬಬೇಡಿ. ಕ್ಯಾಮೆರಾ ತಾನೇ ಬಿಳುಪನ್ನು ಊಹಿಸಿಕೊಂಡು ಬಣ್ಣವನ್ನು ತಿದ್ದಿಬಿಡುತ್ತದೆ. ನೀವು ಪತ್ತೆ ಹಚ್ಚಬೇಕೆಂದ ಒಳಛಾಯೆಯನ್ನೇ ಅದು ಅಳಿಸಿರುತ್ತದೆ.

ಎರಡು ಮೂರು ಬಣ್ಣಗಳಿಗೆ ಇಳಿಸಿಕೊಂಡ ಮೇಲೆ ಸಣ್ಣ ಡಬ್ಬಿಗಳನ್ನು ತಂದು, ಎರಡಡಿ ಚೌಕದ ಹಲಗೆಗೆ ಮೊದಲು ಬಿಳಿ ಪ್ರೈಮರ್, ಆಮೇಲೆ ಎರಡು ಕೈ ಬಣ್ಣ ಹೊಡೆಯಿರಿ. ಕೊಪ್ಪಳದ ಪಕ್ಕದ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗೆ ಕಲ್ಲಿನ ಪುಡಿ ಮತ್ತು ಅಂಟಿನ ಲೇಪ ಕೊಡದೆ ಬಣ್ಣ ಮುಟ್ಟಿಸುವುದಿಲ್ಲ. ತಳ ಸರಿಯಿಲ್ಲದಿದ್ದರೆ ಮೇಲಿನ ಬಣ್ಣವೂ ಸರಿಯಿರದು. ಹಲಗೆಯನ್ನು ಮನೆಯ ನಾಲ್ಕೂ ಗೋಡೆಗಳಿಗೆ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ಹೊರಗಿನ ಬಿಸಿಲಿನಲ್ಲಿ ಯಾವುದೇ ಬೂದು ಅಂಗಡಿಯಲ್ಲಿ ಕಂಡದ್ದಕ್ಕಿಂತ ತಿಳಿಯಾಗಿ ಕಾಣುತ್ತದೆ. ಅದನ್ನು ಕಂಡು ಇನ್ನೂ ಗಾಢವಾದದ್ದಕ್ಕೆ ಕೈಹಾಕುವ ಮುನ್ನ ಒಂದು ಕ್ಷಣ ತಡೆಯಿರಿ.

ಏಕೆಂದರೆ ಸೆಕೆಯ ಪ್ರಶ್ನೆ ಇದೆ. ಬಿಳಿಗೂ ಕಪ್ಪಿಗೂ ಸರಿಯಾಗಿ ನಡುವೆ ಇರುವಂತೆ ಕಣ್ಣಿಗೆ ಕಾಣುವ ಬೂದು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅರ್ಧವನ್ನು ಹಿಂತಿರುಗಿಸುತ್ತದೆ ಎಂದು ನಾವು ಭಾವಿಸುತ್ತೇವೆ. ಅಳೆದರೆ ಅದು ಹಿಂತಿರುಗಿಸುವುದು ಶೇಕಡಾ 18ರಷ್ಟು ಮಾತ್ರ. ಮಿಕ್ಕ 82 ಗೋಡೆಯೊಳಗೆ. ಕಣ್ಣು ಬೆಳಕನ್ನು ಲೆಕ್ಕದ ಸಮಪ್ರಮಾಣದಲ್ಲಿ ಅಳೆಯುವುದಿಲ್ಲ ಎಂಬುದು ಇದರ ಗುಟ್ಟು. ಬಿಸಿಲಿನ ಶಕ್ತಿಯಲ್ಲಿ ಸರಿಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿದ್ದು, ಇಂಗಾಲದ ಕಪ್ಪು ಅದನ್ನೂ ಹೀರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುವ ಈ ಸೀಮೆಯಲ್ಲಿ, ಪಡುವಣ ಗೋಡೆಗೆ ಗಾಢ ಬೂದು ಹಚ್ಚಿದರೆ ಸಂಜೆ ಹೀರಿದ ಕಾವು ರಾತ್ರಿ ಮಲಗುವ ಕೋಣೆಗೆ ಇಳಿಯುತ್ತದೆ. ಮಣ್ಣಿನ ದಪ್ಪ ಗೋಡೆ, ಮೇಲೆ ಬಿಳಿ ಸುಣ್ಣ ಇದ್ದ ಹಳೆಯ ಮಾಳಿಗೆ ಮನೆಗಳಿಗೆ ಈ ಪಾಡು ಇರಲಿಲ್ಲ. ಇಂದಿನ ತೆಳು ಗೋಡೆಗೆ ಇದೆ. ಕೆಲವು ಬಣ್ಣಗಳ ವಿವರದಲ್ಲಿ ಬೆಳಕಿನ ಪ್ರತಿಫಲನದ ಅಂಕಿಯನ್ನು 0ರಿಂದ 100ರವರೆಗಿನ ಅಳತೆಯಲ್ಲಿ ಕೊಟ್ಟಿರುತ್ತಾರೆ. 55ರಿಂದ 60ರ ಮೇಲಿರುವ ತಿಳಿ ಬೂದನ್ನು ಆರಿಸಿಕೊಂಡು, ಗಾಢವಾದದ್ದು ಬೇಕೇ ಬೇಕೆಂದರೆ ಅದನ್ನು ಕಂಬಕ್ಕೋ ಕಿಟಕಿಯ ಸುತ್ತಿನ ಪಟ್ಟಿಗೋ ಇಟ್ಟುಕೊಳ್ಳುವುದು ಜಾಣತನ. ಗಿಣಿಗೇರಿಯ ಸುತ್ತಮುತ್ತ ಕಾರ್ಖಾನೆಗಳ ಕರಿಧೂಳಿನ ಬಗ್ಗೆ ದೂರುವ ಹಳ್ಳಿಗಳಲ್ಲಿ ಎಷ್ಟು ತಿಳಿ ಬೂದು ಹಚ್ಚಿದರೂ ಅದು ತಾನಾಗಿಯೇ ಗಾಢವಾಗುತ್ತದೆ. ಅದಕ್ಕೆ ಬಣ್ಣದಂಗಡಿಯಲ್ಲಿ ಪರಿಹಾರವಿಲ್ಲ.

ಹೊಸ ಗೋಡೆಯಾದರೆ ಅವಸರ ಮಾಡಬಾರದು. ಹಸಿ ಸಿಮೆಂಟು ಬಹಳ ಕ್ಷಾರಗುಣದ್ದು. ನೀರುಣಿಸುವ ಕೆಲಸ ಮುಗಿದು ಗಿಲಾವು ಪೂರ್ತಿ ಒಣಗುವ ಮೊದಲೇ ಬಣ್ಣ ಹೊಡೆದರೆ ಒಳಗಿನ ತೇವದೊಡನೆ ಉಪ್ಪು ಹೊರಬಂದು ಬಿಳಿಯ ಮಚ್ಚೆಗಳಾಗುತ್ತವೆ, ಕ್ಷಾರ ತಾಳದ ವರ್ಣಕಗಳು ಅಲ್ಲಲ್ಲಿ ಬಣ್ಣಗೆಡುತ್ತವೆ. ಬಿಳಿ ಗೋಡೆಯಲ್ಲಿ ಮರೆಯಾಗುವ ಇಂತಹ ಮಚ್ಚೆ ಬೂದಿನಲ್ಲಿ ಮರೆಯಾಗದು.

ಕೊನೆಯದಾಗಿ ಡಬ್ಬಿಗಳ ವಿಷಯ. ಒಂದೇ ನಂಬರಿನ ಬಣ್ಣವನ್ನು ಈ ವಾರ ಒಂದಿಷ್ಟು, ಮುಂದಿನ ವಾರ ಒಂದಿಷ್ಟು ತಂದರೆ ಎರಡರ ನಡುವೆ ಕೂದಲೆಳೆಯ ವ್ಯತ್ಯಾಸ ಇರಬಹುದು, ಬೂದು ಅದನ್ನೂ ಬಚ್ಚಿಡುವುದಿಲ್ಲ. ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿಸಿ ತಂದು, ದೊಡ್ಡ ಪಾತ್ರೆಯಲ್ಲಿ ಎಲ್ಲ ಡಬ್ಬಿಗಳನ್ನೂ ಸುರಿದು ಒಂದಾಗಿ ಕಲಸಿ, ಮತ್ತೆ ಡಬ್ಬಿಗಳಿಗೆ ತುಂಬಿಕೊಂಡು ಹಚ್ಚಲು ಹೇಳಿ. ನೀರು ಬೆರೆಸುವ ಪ್ರಮಾಣವೂ ಎಲ್ಲ ಗೋಡೆಗೂ ಒಂದೇ ಇರಲಿ. ಒಂದು ಗೋಡೆಯನ್ನು ಆರಂಭಿಸಿದರೆ ಮೂಲೆಯಿಂದ ಮೂಲೆಯವರೆಗೆ ಅದೇ ದಿನ ಮುಗಿಸಬೇಕು. ನಡುವೆ ನಿಲ್ಲಿಸಿದ ಕಡೆ ಮರುದಿನ ಗೆರೆ ಕಾಣುತ್ತದೆ. ಒಂದು ಲೀಟರಿನಷ್ಟು ಬಣ್ಣವನ್ನು ಬಿಗಿಯಾಗಿ ಮುಚ್ಚಿ, ನಂಬರು ಮತ್ತು ತಾರೀಖು ಬರೆದ ಚೀಟಿ ಅಂಟಿಸಿ, ನೆರಳಿನಲ್ಲಿ ಎತ್ತಿಟ್ಟಿರಿ.